ಶುಶ್ರೂಷಕರ ಲಸಿಕೆ ಸ್ವಂತ ವಿಷಯವೆ?

ಆಸ್ಪತ್ರೆಯಲ್ಲಿ ದುಡಿಯುವವರು ಲಸಿಕೆ ಹಾಕಿಸಿಕೊಳ್ಳುವುದೂ ಬಿಡುವುದೂ ಅವರವರ ಸ್ವಂತ ವಿಷಯವೆಂಬ ಅಭಿಪ್ರಾಯವೊಂದು ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾವಂತ ಸಮಾಜದಲ್ಲಿ ಬಲವಾಗಿ ಬೇರೂರಿದೆ. ವೈದ್ಯರಲ್ಲಿ ಕೆಲವರು ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ದಾದಿಯರಲ್ಲಿ ಹಲವರು ಹೇಳದೆಯೇ ಆಚರಿಸುತ್ತಾರೆ. ಆಡಳಿತಗಾರರು ಕಡತದಲ್ಲಿ ಒಪ್ಪದಿದ್ದರೂ ವ್ಯವಹಾರದಲ್ಲಿ ಒಪ್ಪಿಕೊಂಡು ಸುಮ್ಮನಿರುತ್ತಾರೆ. ಹೊರಗಿನ ಜನರಾದರೋ, ಬಲ್ಲವರೇ ಹಿಂಜರಿಯುವಾಗ ತಮಗೇತರ ಅವಸರವೆಂದು ಅದರಿಂದ ಮತ್ತೊಂದು ಸಿದ್ಧಾಂತವನ್ನು ಹೊರಡಿಸುತ್ತಾರೆ. ಹೀಗೆ ನಾಲ್ಕು ಕಡೆಯಿಂದಲೂ ಪೋಷಣೆ ಪಡೆದಿರುವ ಈ ಅಭಿಪ್ರಾಯವು ತಪ್ಪೆಂದೂ, ಆ ತಪ್ಪಿನ ಭಾರವನ್ನು ಹೊರುತ್ತಿರುವವನು ವಾದ ಹೂಡಲು ಶಕ್ತಿಯಿಲ್ಲದೆ ಹಾಸಿಗೆಯಲ್ಲಿ ಮಲಗಿರುವ ರೋಗಿಯೆಂದೂ ತೋರಿಸುವುದು ಈ ಲೇಖನದ ಉದ್ದೇಶ. ಆದರೆ ಎದುರಾಳಿಯ ಮಾತನ್ನು ದುರ್ಬಲಗೊಳಿಸಿ ಹೇಳಿ ಅದನ್ನು ಸೋಲಿಸುವುದು ನಮ್ಮ ವಾದಪರಂಪರೆಗೆ ಒಪ್ಪಿದ ರೀತಿಯಲ್ಲ. ಆದಕಾರಣ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸೋಣ.

ಪೂರ್ವಪಕ್ಷಕ್ಕೆ ಮೂರು ಆಧಾರಗಳುಂಟು. ದೇಹವು ಮನುಷ್ಯನಿಗೆ ಸೇರಿದ ಮೊದಲನೆಯ ಸ್ವತ್ತು. ಅದರೊಳಕ್ಕೆ ಸೂಜಿಯ ಮೊನೆ ಇಳಿಯಬೇಕಾದರೆ ಅವನ ಸಮ್ಮತಿ ಬೇಕು. ಸಣ್ಣ ಶಸ್ತ್ರಕ್ರಿಯೆಗೂ ರೋಗಿಯ ಸಹಿ ಪಡೆಯುವ ವೃತ್ತಿಯೊಂದು ತನ್ನವರ ಸಮ್ಮತಿಯನ್ನೇ ಕಡೆಗಣಿಸುವುದು ವಿಪರೀತವೆಂಬುದು ಮೊದಲನೆಯ ಆಧಾರ. ಆರೋಗ್ಯಸೇವಕನು ಅಜ್ಞನಲ್ಲ, ಔಷಧಗಳ ಗುಣದೋಷಗಳನ್ನು ದಿನವೂ ಕಣ್ಣಾರೆ ಕಾಣುವವನು, ಅವನ ಹಿಂಜರಿಕೆಯಲ್ಲಿ ಏನಾದರೂ ಅರ್ಥವಿದ್ದೇ ಇರಬೇಕೆಂಬುದು ಎರಡನೆಯದು. ಲಸಿಕೆಯು ಹಾಕಿಸಿಕೊಂಡವನನ್ನು ಕಾಪಾಡಬಹುದೇ ಹೊರತು ಸೋಂಕು ಹರಡುವುದನ್ನು ನಿಶ್ಚಯವಾಗಿ ತಡೆಯಲಾರದು, ಹಾಗಿರುವಾಗ ಅದನ್ನು ಬಿಟ್ಟವನು ತನಗೆ ತಾನೇ ಹಾನಿ ಮಾಡಿಕೊಂಡಾನೆ, ಪರರಿಗೇನು ಎಂಬುದು ಮೂರನೆಯದು. ಈ ಮೂರನ್ನೂ ಆಡುವವರು ಮೂಢರಲ್ಲ. ಮೂರರಲ್ಲಿಯೂ ಒಂದೊಂದು ಸತ್ಯಾಂಶವಿದೆ. ಸತ್ಯಾಂಶವಿರುವ ತಪ್ಪೇ ಹೆಚ್ಚು ಕಾಲ ಬಾಳುವ ತಪ್ಪು.

ಮೊದಲನೆಯ ಆಧಾರಕ್ಕೆ ಬೆಂಬಲವಾಗಿ ಸರ್ವೋಚ್ಚ ನ್ಯಾಯಾಲಯದ 2022ರ ಮೇ 2ರ ತೀರ್ಪನ್ನು ಎತ್ತಿ ಹಿಡಿಯುವುದು ವಾಡಿಕೆಯಾಗಿದೆ. ಜೇಕಬ್ ಪುಲಿಯೆಲ್ ಅವರ ಅರ್ಜಿಯ ಮೇಲೆ ಹೊರಟ ಆ ತೀರ್ಪು, ಸಂವಿಧಾನದ 21ನೆಯ ಅನುಚ್ಛೇದದ ಆಶ್ರಯದಲ್ಲಿ ಪ್ರತಿಯೊಬ್ಬನ ದೇಹಕ್ಕೂ ರಕ್ಷಣೆಯುಂಟೆಂದೂ ಯಾರನ್ನೂ ಬಲವಂತದಿಂದ ಲಸಿಕೆಗೆ ಒಳಪಡಿಸಲಾಗದೆಂದೂ ಹೇಳಿದ್ದು ನಿಜ. ಆದರೆ ಉದ್ಧರಿಸುವವರು ಅಲ್ಲಿಗೇ ನಿಲ್ಲುತ್ತಾರೆ. ತೀರ್ಪು ಅಲ್ಲಿಗೆ ನಿಲ್ಲುವುದಿಲ್ಲ. ಸಮುದಾಯದ ಆರೋಗ್ಯದ ಸಲುವಾಗಿ ಸರ್ಕಾರವು ವ್ಯಕ್ತಿಯ ಹಕ್ಕಿಗೆ ಮಿತಿಗಳನ್ನು ವಿಧಿಸಬಹುದೆಂದೂ, ಆ ಮಿತಿಗಳಿಗೆ ಕಾನೂನಿನ ಆಧಾರವೂ ನ್ಯಾಯವಾದ ಪ್ರಯೋಜನವೂ ಇರಬೇಕೆಂದೂ, ಅವು ಪ್ರಯೋಜನದ ಪ್ರಮಾಣವನ್ನು ಮೀರಬಾರದೆಂದೂ ಅದೇ ತೀರ್ಪು ಹೇಳಿದೆ. ತೋಳನ್ನು ಹಿಡಿದು ಚುಚ್ಚುವುದು ಒಂದು; ಚುಚ್ಚಿಸಿಕೊಳ್ಳದ ತೋಳು ಯಾವ ಕೋಣೆಯಲ್ಲಿ ಕೆಲಸ ಮಾಡಬಹುದೆಂದು ನಿರ್ಣಯಿಸುವುದು ಮತ್ತೊಂದು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಈ ವಿಷಯದ ಅರ್ಧ ಗೊಂದಲ ಹುಟ್ಟಿದೆ. ಕಣ್ಣಿನ ಪರೀಕ್ಷೆಗೆ ಒಪ್ಪದವನನ್ನು ಯಾರೂ ಕಟ್ಟಿಹಾಕಿ ಪರೀಕ್ಷಿಸುವುದಿಲ್ಲ; ಆದರೆ ಅವನ ಕೈಗೆ ರೈಲಿನ ಎಂಜಿನ್ನನ್ನೂ ಕೊಡುವುದಿಲ್ಲ.

ಸ್ವಂತ ವಿಷಯವೆಂಬುದಕ್ಕೆ ಒಂದು ಲಕ್ಷಣವುಂಟು: ಅದರ ಫಲವನ್ನು ಉಣ್ಣುವವನು ಮುಖ್ಯವಾಗಿ ಅದನ್ನು ಮಾಡಿದವನೇ ಆಗಿರಬೇಕು, ಇತರರಿಗೆ ಅದರ ಬಿಸಿ ತಾಕುವಂತಿದ್ದರೆ, ಅವರಿಗೆ ದೂರ ಸರಿಯುವ ದಾರಿಯಾದರೂ ಇರಬೇಕು. ಸಂತೆಯಲ್ಲಿ ಕೆಮ್ಮುವವನಿಂದ ನಾನು ದೂರ ಸರಿಯಬಲ್ಲೆ. ಡಯಾಲಿಸಿಸ್ ಯಂತ್ರಕ್ಕೆ ವಾರದಲ್ಲಿ ಹಲವು ಸಲ ರಕ್ತವನ್ನು ಒಪ್ಪಿಸಿ ಮಲಗುವವನೂ, ಹೆರಿಗೆಯ ಕೋಣೆಯಲ್ಲಿ ನೋವು ತಿನ್ನುತ್ತಿರುವವಳೂ, ಅವಧಿಗೆ ಮುನ್ನ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿರುವ ಶಿಶುವೂ ಯಾರಿಂದ ದೂರ ಸರಿದಾರು? ತಮ್ಮ ಶುಶ್ರೂಷಕರನ್ನು ಅವರು ಆರಿಸಿಕೊಳ್ಳಲಿಲ್ಲ. ಆ ಶುಶ್ರೂಷಕರ ಲಸಿಕೆಯ ಚೀಟಿಯನ್ನು ಕೇಳುವ ಧೈರ್ಯವೂ ಅವರಿಗಿಲ್ಲ. ಆಸ್ಪತ್ರೆಯು ಲೋಕದ ಇತರ ಉದ್ಯೋಗಸ್ಥಾನಗಳಂತಲ್ಲದಿರುವುದು ಇದರಿಂದಲೇ: ಅಲ್ಲಿ ಅತ್ಯಂತ ದುರ್ಬಲವಾದ ದೇಹವನ್ನು ಅಪರಿಚಿತರ ಕೈಗೆ, ಉಸಿರಿಗೆ, ಸೂಜಿಗೆ ಒಪ್ಪಿಸಲಾಗುತ್ತದೆ.

ಈ ಅರಿವು ಹೊರನಾಡಿನಿಂದ ಬಂದುದಲ್ಲ. ಚರಕಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯನಿಗೂ ಪರಿಚಾರಕನಿಗೂ ಬೇರೆ ಬೇರೆಯಾಗಿ ನಾಲ್ಕು ನಾಲ್ಕು ಗುಣಗಳನ್ನು ಗೊತ್ತುಮಾಡಿದೆ. ಶೌಚವು ಇಬ್ಬರ ಪಟ್ಟಿಯಲ್ಲಿಯೂ ಬಂದಿದೆ. ಅದೇ ಗ್ರಂಥದ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ಆಚಾರ್ಯನು ಅಗ್ನಿಸಾಕ್ಷಿಯಾಗಿ ಮಾಡುವ ಉಪದೇಶದಲ್ಲಿ, ತನ್ನ ಜೀವಿತದ ನಿಮಿತ್ತವಾಗಿಯೂ ರೋಗಿಗೆ ದ್ರೋಹ ಬಗೆಯಬಾರದೆಂಬ ಕಟ್ಟಳೆಯಿದೆ. ಪ್ರಾಚೀನರಿಗೆ ಸೂಕ್ಷ್ಮಾಣುಗಳ ಪರಿಚಯವಿರಲಿಲ್ಲ, ಲಸಿಕೆಯಂತೂ ಇರಲೇ ಇಲ್ಲ. ಅವರ ಬಾಯಲ್ಲಿ ಇಂದಿನ ವಿಜ್ಞಾನವನ್ನು ತುರುಕುವುದು ನನ್ನ ಇಷ್ಟವಲ್ಲ. ಆದರೆ ರೋಗಿಯ ಬಳಿಗೆ ಬರುವವನ ದೇಹವು ಹೇಗಿರಬೇಕೆಂಬುದು ಅವನ ಸ್ವಂತ ಮರ್ಜಿಗೆ ಬಿಟ್ಟ ವಿಷಯವಲ್ಲವೆಂಬಷ್ಟನ್ನು ಅವರು ನಿಸ್ಸಂದೇಹವಾಗಿ ತಿಳಿದಿದ್ದರು.

ಇದನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯ ಕಥೆ ಸಾಕ್ಷಿ. ಅಲ್ಲಿ 1847ರಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯನು, ಸೂಲಗಿತ್ತಿಯರು ನಡೆಸುತ್ತಿದ್ದ ವಿಭಾಗಕ್ಕಿಂತ ವೈದ್ಯರೂ ವಿದ್ಯಾರ್ಥಿಗಳೂ ನಡೆಸುತ್ತಿದ್ದ ವಿಭಾಗದಲ್ಲಿ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದುದನ್ನು ಕಂಡು, ಶವಪರೀಕ್ಷೆ ಮಾಡಿದ ಕೈಗಳೇ ನೇರವಾಗಿ ಹೆರಿಗೆಗೆ ಬರುವುದು ಅದಕ್ಕೆ ಕಾರಣವೆಂದು ಊಹಿಸಿ, ಸುಣ್ಣದ ಕ್ಲೋರೈಡಿನ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆಯನ್ನು ತಂದನು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಮರಣವು ಜೂನ್ ಹೊತ್ತಿಗೆ ಎರಡಕ್ಕಿಳಿಯಿತು. ಆದರೂ ಅಂದಿನ ವೈದ್ಯಪ್ರಮುಖರಲ್ಲಿ ಅನೇಕರು ಅವನನ್ನು ಒಪ್ಪಲಿಲ್ಲ. ರೋಗವನ್ನು ನಿವಾರಿಸುವ ಕೈಯೇ ರೋಗವನ್ನು ಹೊತ್ತು ತರುತ್ತದೆಂಬುದು ಅವರ ಅಂತಸ್ತಿಗೆ ಸಹಿಸಲಾಗದ ಮಾತಾಯಿತು. ಅವರೆಲ್ಲರೂ ಪಂಡಿತರೇ. ಇಂದು ಕೈ ತೊಳೆಯುವುದು ಸ್ವಂತ ವಿಷಯವೆಂದು ಹೇಳುವ ಶಸ್ತ್ರವೈದ್ಯನನ್ನು ಯಾವ ಆಸ್ಪತ್ರೆಯೂ ಇಟ್ಟುಕೊಳ್ಳದು.

ಕೈ ತೊಳೆದು ಗವಸು ತೊಟ್ಟರೆ ಸಾಲದೆ, ಅದರ ಮೇಲೆ ಲಸಿಕೆಯೂ ಏತಕ್ಕೆ ಎಂಬ ಪ್ರಶ್ನೆ ಬರಬಹುದು. ಇದಕ್ಕೆ ಹೆಪಟೈಟಿಸ್ ಬಿ ರೋಗವು ಉತ್ತರ ಕೊಟ್ಟಿದೆ. ಅಮೆರಿಕದ ಎರಡು ಆಸ್ಪತ್ರೆಗಳಲ್ಲಿ 1991ರ ಜುಲೈಯಿಂದ ಒಂದು ವರ್ಷದ ಕಾಲ ಎದೆಯ ಶಸ್ತ್ರಕ್ರಿಯೆಗಳಲ್ಲಿ ಭಾಗವಹಿಸಿದ ಕಿರಿಯ ವೈದ್ಯನೊಬ್ಬನಿಗೆ ಆ ನಡುವೆ ಈ ಕಾಮಾಲೆ ತಗುಲಿತ್ತು. ಅವನು ಕೈಯಿಟ್ಟ ರೋಗಿಗಳಲ್ಲಿ ರೋಗಕ್ಕೆ ಈಡಾಗಬಹುದಾಗಿದ್ದ 144 ಮಂದಿಯನ್ನು ಪರೀಕ್ಷಿಸಿದಾಗ 19 ಮಂದಿಗೆ ಹೊಸದಾಗಿ ಸೋಂಕು ತಗುಲಿದ್ದು ಕಂಡುಬಂತು. ಗಮನಿಸಬೇಕಾದುದೆಂದರೆ, ಸೋಂಕು ನಿವಾರಣೆಯ ಕ್ರಮಗಳಲ್ಲಿ ತನಿಖೆ ಮಾಡಿದವರಿಗೆ ಎದ್ದುಕಾಣುವ ಲೋಪವೇನೂ ಸಿಕ್ಕಲಿಲ್ಲ. ಎಚ್ಚರಿಕೆಯೆಲ್ಲ ಇದ್ದೂ ಹತ್ತೊಂಬತ್ತು ಜನ ತಾವು ಚಿಕಿತ್ಸೆಗೆಂದು ಹೋದ ಸ್ಥಳದಿಂದ ಹೊಸ ರೋಗವನ್ನು ಹೊತ್ತು ಬಂದರು. ಆ ವೇಳೆಗಾಗಲೇ ಲಸಿಕೆ ಬಳಕೆಗೆ ಬಂದು ಸುಮಾರು ಹತ್ತು ವರ್ಷವಾಗಿತ್ತು. ಇದನ್ನು ಯಾವ ಅರ್ಥದಲ್ಲಿ ಸ್ವಂತ ವಿಷಯವೆನ್ನೋಣ?

ಸೇವಕನ ಕಡೆಯಿಂದ ನೋಡಿದರೂ ಲೆಕ್ಕ ಇಷ್ಟೇ ಸ್ಪಷ್ಟ. ರೋಗಿಯ ರಕ್ತ ಹತ್ತಿದ ಸೂಜಿ ಆಕಸ್ಮಿಕವಾಗಿ ಚುಚ್ಚಿದಾಗ ಎಚ್‌ಐವಿ ತಗುಲುವ ಸಂಭವ ಸಾವಿರಕ್ಕೆ ಮೂರರಷ್ಟು. ಲಸಿಕೆಯಿಲ್ಲದವನಿಗೆ ಹೆಪಟೈಟಿಸ್ ಬಿ ತಗುಲುವ ಸಂಭವ ನೂರಕ್ಕೆ ಮೂವತ್ತರವರೆಗೂ ಹೋಗಬಲ್ಲುದು. ಮೊದಲನೆಯದಕ್ಕೆ ನಡುಗುವ ನಮ್ಮ ವಾರ್ಡುಗಳು ಎರಡನೆಯದರ ವಿಷಯದಲ್ಲಿ ನಿರಾತಂಕವಾಗಿವೆ. ಸೊನ್ನೆ, ಒಂದು, ಆರು ಎಂಬ ತಿಂಗಳ ಲೆಕ್ಕದಲ್ಲಿ ಮೂರು ಸಲ ಚುಚ್ಚಿಸಿಕೊಂಡು, ಕೊನೆಯದಾದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಸಾಕಷ್ಟಿದೆಯೇ ಎಂದು ನೋಡಿಸಿಕೊಂಡರೆ ಮುಗಿಯುವ ಕೆಲಸವಿದು. ನಮ್ಮ ದೇಶದಲ್ಲಿ ಶಿಶುಗಳಿಗೆ ಈ ಲಸಿಕೆ ಎಲ್ಲೆಡೆಯೂ ದೊರೆತದ್ದು 2011ರಿಂದೀಚೆಗೆ. ಇಂದು ವಾರ್ಡುಗಳಲ್ಲಿ ದುಡಿಯುತ್ತಿರುವವರೆಲ್ಲರೂ ಅದಕ್ಕೆ ಮೊದಲೇ ಹುಟ್ಟಿದವರು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು ಆರೋಗ್ಯಸೇವಕರಿಗೆ ಲಸಿಕೆ ಕೊಡುವುದನ್ನು ತನ್ನ ಕಾರ್ಯಗಳಲ್ಲಿ ಸೇರಿಸಿಕೊಂಡಿದೆ. ಆದರೂ ಮೊದಲ ಚುಚ್ಚುಮದ್ದಿಗೆ ಬಂದವರು ಮೂರನೆಯದಕ್ಕೆ ಬಾರದಿರುವುದೂ, ಕಸದ ಚೀಲದೊಳಗಿನ ಸೂಜಿಗೆ ದಿನವೂ ಕೈಯೊಡ್ಡುವ ಡಿ ಗ್ರೂಪ್ ನೌಕರರನ್ನು ಯಾರೂ ಕರೆಯದೇ ಇರುವುದೂ ಆಸ್ಪತ್ರೆಗಳ ಒಳಗನ್ನು ಬಲ್ಲವರಿಗೆ ಹೊಸ ಸಂಗತಿಯಲ್ಲ.

ಈಗ ಎರಡನೆಯ ಆಧಾರಕ್ಕೆ ಬರೋಣ. ಬಲ್ಲವನು ಹಿಂಜರಿದರೆ ಅದರಲ್ಲಿ ಅರ್ಥವಿರಬೇಕು ಎಂಬ ಮಾತು ಕೇಳುವುದಕ್ಕೆ ವಿನಯದಂತಿದ್ದರೂ, ಬಲ್ಲುದೇನನ್ನು ಎಂದು ಅದು ವಿಚಾರಿಸುವುದಿಲ್ಲ. ಮುರಿದ ಮೂಳೆಯನ್ನು ನಿಪುಣತೆಯಿಂದ ಕೂಡಿಸುವವನಿಗೆ ಪ್ರತಿರಕ್ಷಾಶಾಸ್ತ್ರದಲ್ಲಿ ಅದೇ ನೈಪುಣ್ಯವಿರಬೇಕೆಂಬ ನಿಯಮವಿಲ್ಲ. ಅಷ್ಟೇ ಅಲ್ಲದೆ, ರೋಗದೊಡನೆ ದಿನವೂ ಒಡನಾಡುವವನಿಗೆ ಭಯವು ಸವೆದುಹೋಗುತ್ತದೆ. ಇಷ್ಟು ವರ್ಷ ಈ ರೋಗಿಗಳ ನಡುವೆಯೇ ಇದ್ದೇನೆ, ನನಗೇನೂ ಆಗಲಿಲ್ಲ, ನನ್ನ ಮೈ ಪಳಗಿಹೋಗಿದೆ ಎಂದು ಹಿರಿಯ ಸಿಸ್ಟರ್ ಹೇಳುವಾಗ ಅದು ಶಾಸ್ತ್ರಜ್ಞಾನದಿಂದ ಹೊರಟ ನಿರ್ಣಯವಲ್ಲ. ಬದುಕುಳಿದವರು ಮಾತ್ರ ಮಾತನಾಡಬಲ್ಲರೆಂಬ ಲೋಕಸ್ವಭಾವದಿಂದ ಹೊರಟದ್ದು. ಹೀಗೆ ಅಭ್ಯಾಸಬಲದಿಂದ ಹುಟ್ಟಿದ ಔದಾಸೀನ್ಯಕ್ಕೆ ನಾವು ಪಾಂಡಿತ್ಯದ ಬಿರುದು ಕೊಟ್ಟು, ಅದನ್ನೇ ಲಸಿಕೆಯ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುತ್ತಿದ್ದೇವೆ.

ನಿಜವಾದ ಸಂಶಯವನ್ನು ಈ ಔದಾಸೀನ್ಯದಿಂದ ಬೇರ್ಪಡಿಸಿ ಗೌರವಿಸಬೇಕು. 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾದ ದಿನವೇ ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ನಿವಾಸಿ ವೈದ್ಯರು ತಮಗೆ ಕೋವ್ಯಾಕ್ಸಿನ್ ಬದಲು ಕೋವಿಶೀಲ್ಡ್ ಕೊಡಬೇಕೆಂದು ತಮ್ಮ ಮೇಲಧಿಕಾರಿಗೆ ಬರೆದರು. ಆ ಹೊತ್ತಿಗೆ ಕೋವ್ಯಾಕ್ಸಿನ್‌ಗೆ ಅನುಮತಿ ದೊರೆತಿತ್ತಾದರೂ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಅವರು ಲಸಿಕೆಯನ್ನು ಬೇಡವೆನ್ನಲಿಲ್ಲ, ಪ್ರಮಾಣವನ್ನು ಕೇಳಿದರು. ಅದು ವೈದ್ಯಧರ್ಮಕ್ಕೆ ಭೂಷಣವೇ ಹೊರತು ಕಳಂಕವಲ್ಲ. ಕೋವ್ಯಾಕ್ಸಿನ್ ನೂರಕ್ಕೆ 77.8ರಷ್ಟು ಫಲಕಾರಿಯೆಂಬ ಅಂತಿಮ ಫಲಿತಾಂಶವು ಅದೇ ವರ್ಷ ನವೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಶ್ನೆಗೆ ಉತ್ತರ ದೊರೆತ ಮೇಲೆ ಸಂಶಯವು ಶಮನವಾಗಬೇಕು. ಉತ್ತರ ಬಂದರೂ ಬಾರದಿದ್ದರೂ ಒಂದೇ ಸಮನಾಗಿರುವುದನ್ನು ಸಂಶಯವೆನ್ನಲಾಗದು. ಹೆಪಟೈಟಿಸ್ ಬಿ ಲಸಿಕೆಯ ವಿಷಯದಲ್ಲಿ ಉತ್ತರ ಬಂದು ದಶಕಗಳೇ ಕಳೆದಿವೆ.

ಬಲ್ಲವನ ನಡತೆಗೆ ಇರುವ ಸಾಕ್ಷ್ಯಬಲವನ್ನು ಹಾಫ್‌ಕಿನ್ ಎಂಬ ವಿಜ್ಞಾನಿ ಚೆನ್ನಾಗಿ ಅರಿತಿದ್ದನು. ಮುಂಬಯಿಯಲ್ಲಿ ಪ್ಲೇಗು ಹಬ್ಬಿದ್ದಾಗ ತಾನು ಸಿದ್ಧಪಡಿಸಿದ ಲಸಿಕೆಯನ್ನು ಅವನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು ಜ್ವರವನ್ನು ಅನುಭವಿಸಿದ ಬಳಿಕವೇ ಇತರರ ಬಳಿ ಹೋದನು. ಮರುವರ್ಷ ಪ್ಲೇಗು ನಮ್ಮ ಹುಬ್ಬಳ್ಳಿಗೆ ಬಂದಾಗ ಅಲ್ಲಿ ಆ ಲಸಿಕೆಯನ್ನು ಹಾಕಿಸಿಕೊಂಡವರು ಹತ್ತಾರು ಸಾವಿರ ಮಂದಿ. ಇಂದಿಗೂ ಹಳ್ಳಿಯ ತಾಯಿ ಕೂಸನ್ನು ಮಡಿಲಲ್ಲಿಟ್ಟುಕೊಂಡು, “ನೀವು ಹಾಕಿಸ್ಕೊಂಡಿದ್ದೀರಾ ಸಿಸ್ಟರ್?” ಎಂದು ಕೇಳಿದಾಗ, ಆಕೆ ಅಂಕಿಅಂಶಗಳನ್ನು ಕೇಳುತ್ತಿಲ್ಲ, ಎದುರಿಗಿರುವವಳ ನಡತೆಯನ್ನು ಪ್ರಮಾಣವಾಗಿ ಕೇಳುತ್ತಿದ್ದಾಳೆ. ಅದು ನನ್ನ ಸ್ವಂತ ವಿಷಯವಮ್ಮ ಎಂದು ಆ ಸಿಸ್ಟರ್ ಉತ್ತರಿಸಿದರೆ, ಆ ಕೂಸಿನ ಲಸಿಕೆಯೂ ಅಂದಿಗೆ ನಿಂತಿತೆಂದೇ ತಿಳಿಯಬೇಕು.

ಮೂರನೆಯ ಆಧಾರವು, ಅಂದರೆ ಸೋಂಕು ಹರಡುವುದನ್ನು ಲಸಿಕೆ ತಡೆಯದೆಂಬುದು, ಎಲ್ಲ ಲಸಿಕೆಗಳಿಗೂ ಸಲ್ಲದ ಮಾತು. ಹೆಪಟೈಟಿಸ್ ಬಿ ವಿಷಯದಲ್ಲಿ ಅದು ಸುಳ್ಳೆಂಬುದನ್ನು ಕಂಡೆವು. ಕೋವಿಡ್ ವಿಷಯದಲ್ಲಿ ಅದು ಅರ್ಧ ನಿಜ: ಕಾಲ ಕಳೆದಂತೆ, ವೈರಸ್ಸು ರೂಪ ಬದಲಿಸಿದಂತೆ, ಸೋಂಕನ್ನು ತಡೆಯುವ ಶಕ್ತಿ ಕುಂದಿತು. ಆದರೆ 2021ರ ಎರಡನೆಯ ಅಲೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನ ಸಿಬ್ಬಂದಿಯ ಮೇಲೆಯೇ ನಡೆಸಿದ ಅಧ್ಯಯನದಲ್ಲಿ, ಎರಡೂ ಡೋಸ್ ಪಡೆದವರಿಗೆ ಸೋಂಕಿನಿಂದ ಶೇಕಡಾ 65, ಆಸ್ಪತ್ರೆ ಸೇರುವುದರಿಂದ 77, ಆಮ್ಲಜನಕದ ಅಗತ್ಯದಿಂದ 92, ತೀವ್ರ ನಿಗಾ ಘಟಕದಿಂದ 94ರಷ್ಟು ರಕ್ಷಣೆ ದೊರೆತದ್ದು ಕಂಡುಬಂದಿತು. ಹಾಸಿಗೆಗಳೂ ಆಮ್ಲಜನಕವೂ ಸಾಲದೆ ಜನ ಬೀದಿಯಲ್ಲಿ ಅಲೆಯುತ್ತಿದ್ದ ಆ ದಿನಗಳಲ್ಲಿ, ದುಡಿಯಬೇಕಾದ ದಾದಿಯೇ ಹಾಸಿಗೆ ಹಿಡಿದರೆ ಒಂದು ಹಾಸಿಗೆ ಕಡಮೆಯಾಗುವುದಲ್ಲದೆ, ಆಕೆ ನೋಡಿಕೊಳ್ಳುತ್ತಿದ್ದ ಹಲವು ಹಾಸಿಗೆಗಳ ಬಳಿ ಯಾರೂ ಇಲ್ಲದಂತಾಗುತ್ತದೆ. ಸೋಂಕು ಒಂದು ಕಣವೂ ಹರಡದಿದ್ದರೂ ಈ ಹಾನಿ ರೋಗಿಯದೇ.

ಇಷ್ಟು ಹೇಳಿದ ಮೇಲೆ ನನ್ನ ವಾದದ ಮೇರೆಯನ್ನೂ ಹೇಳುವುದು ನ್ಯಾಯ. ಇರುವ ಲಸಿಕೆಗಳೆಲ್ಲವನ್ನೂ ಎಲ್ಲ ನೌಕರರಿಗೂ ವಿಧಿಸಬೇಕೆಂದು ನಾನು ಹೇಳುತ್ತಿಲ್ಲ. ಇನ್‌ಫ್ಲುಯೆನ್ಜಾ ಲಸಿಕೆಯನ್ನು ಸಿಬ್ಬಂದಿಗೆ ಕೊಡುವುದರಿಂದ ರೋಗಿಗಳ ಮರಣ ಎಷ್ಟು ಕಡಮೆಯಾಗುತ್ತದೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಏಕಮತವಿಲ್ಲ. ರೋಗದ ಘೋರತೆ, ಲಸಿಕೆಯ ಬಲ, ಕೆಲಸದ ಸ್ಥಾನ ಇವು ಮೂರನ್ನೂ ತೂಗಿ ನಿರ್ಣಯಿಸಬೇಕು; ಕಚೇರಿಯ ಲೆಕ್ಕಿಗನಿಗೆ ಬೇಕಾಗದ್ದು ಶಸ್ತ್ರಕ್ರಿಯಾಗಾರದ ದಾದಿಗೆ ಬೇಕಾದೀತು. ಆದರೆ ತೂಗುವ ಕೆಲಸವು ಸಂಸ್ಥೆಯದು, ಶಾಸ್ತ್ರದ್ದು. ಒಬ್ಬೊಬ್ಬನ ಅಂದಂದಿನ ಮನಸ್ಸಿನದಲ್ಲ.

ಇನ್ನು, ಹಿಂಜರಿಕೆಯ ಹೊಣೆಯನ್ನೆಲ್ಲ ನೌಕರನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಆಡಳಿತಕ್ಕೂ ಈ ‘ಸ್ವಂತ ವಿಷಯ’ದ ವಾದ ಬಹಳ ಅನುಕೂಲವಾಗಿದೆಯೆಂಬುದನ್ನು ಮರೆಯಬಾರದು. ಅದು ಅವನ ಸ್ವಂತ ವಿಷಯವಾದರೆ ಲಸಿಕೆ ತರಿಸುವ ಖರ್ಚಿಲ್ಲ, ಲೆಕ್ಕವಿಡುವ ಶ್ರಮವಿಲ್ಲ, ಅವನಿಗೆ ಜ್ವರ ಬಂದರೆ ರಜೆ ಕೊಡುವ ಪ್ರಮೇಯವಿಲ್ಲ. ಗುತ್ತಿಗೆಯ ಮೇಲೆ ದುಡಿಯುವ ಆಯಾ ಒಂದು ದಿನ ಬಾರದಿದ್ದರೆ ಆ ದಿನದ ಕೂಲಿ ಹೋಯಿತು. ಚುಚ್ಚಿಸಿಕೊಂಡ ರಾತ್ರಿ ಮೈ ಬಿಸಿಯಾದರೆ ಮರುದಿನದ ಕೂಲಿಗೆ ಸಂಚಕಾರವೆಂದು ತಿಳಿದವಳು ಹಿಂಜರಿದರೆ ಅದನ್ನು ಅಜ್ಞಾನವೆಂದು ಕರೆಯುವ ಅಧಿಕಾರ ಯಾರಿಗಿದೆ? ಹಾನಿಯಾದಾಗ ಮುಚ್ಚಿಡುವ ಸಂಸ್ಥೆಯನ್ನು ನಂಬೆಂದು ಹೇಳುವುದೂ ಸುಲಭವಲ್ಲ. ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 1902ರಲ್ಲಿ ಪ್ಲೇಗಿನ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಒಂದೇ ಬಾಟಲಿ ಮಲಿನವಾಗಿದ್ದುದು ಅದರ ಮೂಲ. ಕಳಂಕ ಹೊತ್ತ ಹಾಫ್‌ಕಿನ್ ದೋಷಮುಕ್ತನಾಗಲು 1907ರವರೆಗೆ ಕಾಯಬೇಕಾಯಿತು. ವಿಚಾರಣೆ ಬೇಗನೆ, ಬಯಲಿನಲ್ಲಿ ನಡೆದಿದ್ದರೆ ಮನುಷ್ಯನೂ ಉಳಿಯುತ್ತಿದ್ದನು, ಲಸಿಕೆಯ ಹೆಸರೂ ಉಳಿಯುತ್ತಿತ್ತು. ಲಸಿಕೆಯ ದುಷ್ಪರಿಣಾಮಗಳನ್ನು ಸಾಮಾನ್ಯರೂ ಖಾಸಗಿ ವೈದ್ಯರೂ ದಾಖಲಿಸಲು ಸುಲಭವಾದ ವ್ಯವಸ್ಥೆಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆ 2022ರ ತೀರ್ಪಿನಲ್ಲಿಯೇ ಹೇಳಿದ್ದುಂಟು. ಹಕ್ಕಿನ ಮಾತಿಗಾಗಿ ಆ ತೀರ್ಪನ್ನು ನೆನೆಯುವವರು ಈ ಭಾಗವನ್ನೂ ನೆನೆಯಲಿ.

ಕಟ್ಟಳೆ ತಂದರೆ ಆಸ್ಪತ್ರೆಗಳು ಬರಿದಾಗುತ್ತವೆಂಬ ಭಯವೂ ಉಂಟು. ಅಮೆರಿಕದಲ್ಲಿ ಕೆಲಸ ಕೊಡುವವನು ಹೆಪಟೈಟಿಸ್ ಬಿ ಲಸಿಕೆಯನ್ನು ಉಚಿತವಾಗಿ ಒದಗಿಸಬೇಕು, ಬೇಡವೆನ್ನುವವನು ಬರಹದಲ್ಲಿ ಸಹಿ ಮಾಡಿ ಹೇಳಬೇಕು ಎಂಬ ನಿಯಮ 1991ರಲ್ಲಿ ಬಂತು. 1983ರಲ್ಲಿ ಸುಮಾರು 17,000 ಆರೋಗ್ಯಸೇವಕರಿಗೆ ತಗುಲಿದ್ದ ಆ ರೋಗ, ಲಸಿಕೆಯೂ ಇತರ ಎಚ್ಚರಿಕೆಗಳೂ ಸೇರಿ, 1995ರ ಹೊತ್ತಿಗೆ ಸುಮಾರು 400ಕ್ಕೆ ಇಳಿಯಿತು. ಹ್ಯೂಸ್ಟನ್ ನಗರದ ಮೆಥಡಿಸ್ಟ್ ಆಸ್ಪತ್ರೆಗಳ ಸಂಸ್ಥೆ 2021ರಲ್ಲಿ ಕೋವಿಡ್ ಲಸಿಕೆಯನ್ನು ಕಡ್ಡಾಯ ಮಾಡಿದಾಗ ಸುಮಾರು 26,000 ನೌಕರರಲ್ಲಿ ಕೆಲಸ ಬಿಟ್ಟವರೂ ಕಳೆದುಕೊಂಡವರೂ ಸೇರಿ 153 ಮಂದಿ. ಸ್ಪಷ್ಟವಾದ ನಿಯಮವು ಬಹುಮಂದಿಗೆ ಹೊರೆಯಾಗುವುದಿಲ್ಲ. ಅನಿಶ್ಚಯದಲ್ಲಿ ತೊಳಲುತ್ತಿರುವವರಿಗೆ ಅದು ನಿರ್ಣಯವನ್ನು ಸುಲಭಮಾಡಿ ಕೊಡುತ್ತದೆ.

ಆದುದರಿಂದ ಆಗಬೇಕಾದುದು ಇಷ್ಟು. ಶಸ್ತ್ರಕ್ರಿಯಾಗಾರ, ಹೆರಿಗೆ ಕೋಣೆ, ಡಯಾಲಿಸಿಸ್, ತೀವ್ರ ನಿಗಾ ಘಟಕ, ಪ್ರಯೋಗಾಲಯ, ಆಸ್ಪತ್ರೆಯ ಕಸ ಸಾಗಿಸುವ ಕೆಲಸ ಇವುಗಳಿಗೆ ನೇಮಕವಾಗುವ ಪ್ರತಿಯೊಬ್ಬರಿಗೂ, ಮುಖ್ಯ ವೈದ್ಯನಿಂದ ಗುತ್ತಿಗೆಯ ಆಯಾವರೆಗೆ, ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿರುವುದು ಕೆಲಸದ ಷರತ್ತಾಗಬೇಕು. ಅದರ ಖರ್ಚು, ಅದರಿಂದ ಬರುವ ಜ್ವರದ ರಜೆ, ಹಾನಿಯಾದರೆ ಪರಿಹಾರ ಇವು ಸಂಸ್ಥೆಯ ಹೊಣೆಯಾಗಬೇಕು. ಒಪ್ಪದವನನ್ನು ಯಾರೂ ಹಿಡಿದು ಚುಚ್ಚಬಾರದು. ರೋಗಿಯ ರಕ್ತವೂ ಉಸಿರೂ ತಾಕದ ಕೆಲಸವನ್ನು ಅವನಿಗೆ ಹುಡುಕಿಕೊಡಬೇಕು, ಅಂಥ ಕೆಲಸವಿಲ್ಲವಾದರೆ ಅವನೇ ಬೇರೆ ವೃತ್ತಿಯನ್ನು ಹುಡುಕಿಕೊಳ್ಳಬೇಕು. ಹೊಸ ಪಿಡುಗು ಬಂದಾಗ ಹೊಸ ಲಸಿಕೆಯ ಪ್ರಮಾಣಗಳನ್ನು ಮೊದಲು ಸಿಬ್ಬಂದಿಯ ಮುಂದಿಟ್ಟು, ಅವರ ಪ್ರಶ್ನೆಗಳಿಗೆ ಉತ್ತರ ಹೇಳಿ, ಆಮೇಲೆ ನಿಯಮವನ್ನು ತರಬೇಕು. ತನ್ನ ದೇಹದ ಮೇಲೆ ಆರೋಗ್ಯಸೇವಕನಿಗೆ ಇರುವ ಹಕ್ಕು ನಿಜವಾದದ್ದು. ಆದರೆ ರೋಗಿಯ ದೇಹದ ಬಳಿಗೆ ಹೋಗುವುದು ಯಾರ ಹಕ್ಕೂ ಅಲ್ಲ, ಅದು ಅರ್ಹತೆಯಿಂದ ಪಡೆಯಬೇಕಾದ ಅನುಮತಿ.